ಬಾಗಿಲಿನಿಂದ ಬಸ್ ನಿಲ್ದಾಣದವರೆಗೆ: ಬೆಂಗಳೂರಿಗೆ ಹೊಸದಾಗಿ ಬರುವವರ ಬಡಾವಣೆ ಆಯ್ಕೆ ಕುರಿತು ಒಂದು ಟಿಪ್ಪಣಿ

ಕೆಲಸ ಸಿಕ್ಕಿಯೋ ವರ್ಗವಾಗಿಯೋ ಬೆಂಗಳೂರಿಗೆ ಬರುವವರು ಮೊದಲು ಕೇಳುವುದು ‘ಯಾವ ಏರಿಯಾ ಒಳ್ಳೇದು?’ ಎಂದು. ಮಲ್ಲೇಶ್ವರ, ಬಸವನಗುಡಿ, ಜಯನಗರ, ಎಚ್‌ಎಸ್‌ಆರ್ ಲೇಔಟ್, ವೈಟ್‌ಫೀಲ್ಡ್ ಎಂದು ಹೆಸರುಗಳು ಬರುತ್ತವೆ. ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಒಂದು ಏರಿಯಾ ಎಂದರೆ ಸಾವಿರಾರು ಮನೆ, ನೂರಾರು ಬೀದಿ. ನಡೆಯುವವರ ಕ್ಷೇಮ ಅಷ್ಟು ದೊಡ್ಡ ಮಟ್ಟದಲ್ಲಿ ತೀರ್ಮಾನವಾಗುವುದಿಲ್ಲ. ಮನೆ ಬಾಗಿಲಿನಿಂದ ಬಸ್ ನಿಲ್ದಾಣಕ್ಕೆ, ದಿನಸಿ ಅಂಗಡಿಗೆ, ಮಕ್ಕಳ ಶಾಲೆಗೆ ಇರುವ ನಾಲ್ಕೈದು ನೂರು ಮೀಟರಿನಲ್ಲಿ ತೀರ್ಮಾನವಾಗುತ್ತದೆ. ಹಾಗಾಗಿ ಮನೆ ಹುಡುಕುವವರು ಪರೀಕ್ಷಿಸಬೇಕಾದದ್ದು ಈ ದಾರಿಯನ್ನು. ಅದನ್ನು ಹೇಗೆ ಪರೀಕ್ಷಿಸಬಹುದು, ಆ ಪರೀಕ್ಷೆಗೆ ಆಧಾರವೇನು ಎಂಬುದು ಈ ಟಿಪ್ಪಣಿಯ ವಿಷಯ.

ಮೊದಲು ‘ಸುರಕ್ಷಿತ’ ಎನ್ನುವಾಗ ನಮ್ಮ ಮನಸ್ಸಿನಲ್ಲಿ ಏನಿರುತ್ತದೆ ಎಂದು ನೋಡೋಣ. ಸಾಮಾನ್ಯವಾಗಿ ಸರಗಳ್ಳತನ, ಮನೆಗಳ್ಳತನ, ರಾತ್ರಿ ಹಿಂಬಾಲಿಸುವವರ ಭಯ. ಈ ಭಯಗಳಿಗೆ ಕಾರಣಗಳಿವೆ, ಅವನ್ನು ತಳ್ಳಿಹಾಕುವಂತಿಲ್ಲ. ಆದರೆ ನಡೆಯುವವರ ಜೀವ ತೆಗೆಯುವುದು ಬಹುಪಾಲು ವಾಹನಗಳು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವಾರ್ಷಿಕ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ 32,825 ಮಂದಿ ಪಾದಚಾರಿಗಳು, ಅಂದರೆ ಹತ್ತಿರಹತ್ತಿರ ಐದರಲ್ಲೊಂದು ಪಾಲು. ವಾಹನದ ವೇಗ ಗಂಟೆಗೆ 50 ಕಿ.ಮೀ.ನಿಂದ 65ಕ್ಕೆ ಏರಿದರೆ, ಡಿಕ್ಕಿಯಾದ ಪಾದಚಾರಿ ಸಾಯುವ ಸಂಭವ ನಾಲ್ಕೂವರೆ ಪಟ್ಟು ಹೆಚ್ಚುತ್ತದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮನೆ ನೋಡಲು ಹೋದವರು ಕಿಟಕಿಯ ಸರಳು, ಸಿಸಿಟಿವಿ, ಕಾವಲುಗಾರ ಇವನ್ನೆಲ್ಲ ವಿಚಾರಿಸುತ್ತಾರೆ. ಮನೆ ಮುಂದಿನ ರಸ್ತೆಯಲ್ಲಿ ಗಾಡಿಗಳು ಎಷ್ಟು ವೇಗದಲ್ಲಿ ಹೋಗುತ್ತವೆ ಎಂದು ಕೇಳುವವರು ಕಡಿಮೆ. ಮೊದಲು ಕೇಳಬೇಕಾದದ್ದು ಅದನ್ನೇ.

ಅಪರಾಧದ ಅಂಕಿಅಂಶಗಳಿಂದ ಬೀದಿ ಆರಿಸಲು ಹೊರಟರೆ ಹೆಚ್ಚು ದೂರ ಹೋಗಲಾಗದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಮಹಾನಗರಗಳ ಲೆಕ್ಕ ಕೊಡುವುದು ಇಡೀ ನಗರವನ್ನು ಒಂದು ಘಟಕವಾಗಿ ಹಿಡಿದು. ಠಾಣೆವಾರು ಲೆಕ್ಕ ಸಿಕ್ಕರೂ ಎಚ್ಚರ ಬೇಕು. ದೂರು ಕೊಡಲು ಜನ ಹಿಂಜರಿಯದ ಠಾಣೆಯಲ್ಲಿ ಪ್ರಕರಣಗಳು ಹೆಚ್ಚಾಗಿ ದಾಖಲಾಗುತ್ತವೆ, ದೂರು ತೆಗೆದುಕೊಳ್ಳದೆ ಸಾಗಹಾಕುವ ಕಡೆ ಲೆಕ್ಕ ಚಿಕ್ಕದಾಗಿ ಕಾಣುತ್ತದೆ. ಚಿಕ್ಕ ಅಂಕಿಯನ್ನು ನೋಡಿ ಸಮಾಧಾನಪಟ್ಟುಕೊಳ್ಳುವುದು ಸರಿಯಲ್ಲ.

ಇನ್ನು ಬೀದಿಯ ವಿಷಯ. ಬೆಂಗಳೂರಿನ ಬೀದಿಗಳು ಒಂದೇ ಕಾಲದವಲ್ಲ, ಹುಟ್ಟಿದ ಕಾಲದ ಗುರುತು ಅವುಗಳ ಮೇಲಿದೆ. 1898ರಲ್ಲಿ ಊರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನಿಂದ ಜನ ಹೊರಬೀಳಬೇಕಾಯಿತು. ಬಸವನಗುಡಿ ಮತ್ತು ಮಲ್ಲೇಶ್ವರ ಎಕ್ಸ್‌ಟೆನ್ಷನ್‌ಗಳು ತುಂಬಿಕೊಂಡದ್ದು ಆ ಹೊತ್ತಿನಲ್ಲಿ. ಗಾಳಿ, ಬೆಳಕು, ಚರಂಡಿ, ಮರ ಇವೆಲ್ಲ ಅಲ್ಲಿ ಆರೋಗ್ಯದ ದೃಷ್ಟಿಯಿಂದ ಯೋಜಿತವಾದವು. ಮೇನ್‌ಗಳು ಉದ್ದಕ್ಕೆ, ಕ್ರಾಸ್‌ಗಳು ಅಡ್ಡಕ್ಕೆ, ಮನೆಗಳ ಹಿಂಬದಿಗೆ ಕಸ, ಮಲ ಸಾಗಿಸುವ ಕನ್ಸರ್ವೆನ್ಸಿ ಓಣಿ. ಆಗ ಕಾರುಗಳಿರಲಿಲ್ಲ, ಎಲ್ಲಿಗೆ ಹೋಗುವುದಿದ್ದರೂ ಜನ ಕಾಲ್ನಡಿಗೆಯಲ್ಲಿ ಇಲ್ಲವೆ ಜಟಕಾದಲ್ಲಿ ಹೋಗುತ್ತಿದ್ದರು. ಹಾಗಾಗಿ ಮಾರುಕಟ್ಟೆ, ಗುಡಿ, ಶಾಲೆ, ಆಟದ ಬಯಲು ನಡೆದು ಮುಟ್ಟುವ ದೂರದಲ್ಲೇ ಬಂದವು. ಜಯನಗರಕ್ಕೆ 1948ರಲ್ಲಿ ಅಡಿಗಲ್ಲು ಬಿದ್ದಾಗಲೂ ಈ ಕ್ರಮ ಬಿಟ್ಟುಹೋಗಿರಲಿಲ್ಲ. 1945ರಲ್ಲಿ ಸ್ಥಾಪನೆಯಾದ ನಗರ ಸುಧಾರಣಾ ಟ್ರಸ್ಟ್ ಮಂಡಳಿ, 1976ರಲ್ಲಿ ಅದರ ಜಾಗಕ್ಕೆ ಬಂದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಎರಡರ ಬಡಾವಣೆಗಳಲ್ಲೂ ಬ್ಲಾಕು, ಪಾರ್ಕು, ಅಂಗಡಿ ಸಂಕೀರ್ಣ ಇರುತ್ತಿದ್ದವು.

ಕ್ರಾಸ್‌ಗಳು ಹತ್ತಿರಹತ್ತಿರ ಇರುವುದರ ಲಾಭ ನಡೆಯುವವರಿಗೆ ಬಹಳ. ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ಒಂದೆರಡು ನಿಮಿಷಕ್ಕೊಂದು ಕ್ರಾಸ್ ಸಿಗುತ್ತದೆ. ಮುಂದಿನ ತಿರುವಿನಲ್ಲಿ ಯಾರೋ ಅನುಮಾನ ಬರುವಂತೆ ನಿಂತಿದ್ದರೆ, ನಾಯಿಗಳ ಹಿಂಡು ಕಂಡರೆ, ರಸ್ತೆ ಅಗೆದಿದ್ದರೆ ಪಕ್ಕದ ಕ್ರಾಸ್‌ಗೆ ತಿರುಗಿಕೊಂಡು ಹೋಗಬಹುದು. ದಾರಿ ಬದಲಿಸುವ ಈ ಅವಕಾಶ ಒಂಟಿಯಾಗಿ ನಡೆಯುವವರಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ದೊಡ್ಡ ಧೈರ್ಯ.

ಹಾಗೆಂದು ಮಲ್ಲೇಶ್ವರದ ಎಲ್ಲ ಬೀದಿಗಳೂ ಒಂದೇ ಎನ್ನಲಾಗದು. ಸಂಪಿಗೆ ರಸ್ತೆ ಮತ್ತು ಮಾರ್ಗೋಸಾ ರಸ್ತೆಯಲ್ಲಿ ವಾಹನಗಳ ಹರಿವು ದಟ್ಟ. ಅವುಗಳ ನಡುವಿನ ಕ್ರಾಸ್‌ಗಳಿಗೆ ಇಳಿದರೆ ಸದ್ದು ತಗ್ಗುತ್ತದೆ, ಜಗಲಿಯಲ್ಲಿ ಕೂತವರು ಕಾಣುತ್ತಾರೆ. ಒಂದೇ ಪಿನ್‌ಕೋಡಿನೊಳಗೆ ಇಷ್ಟು ವ್ಯತ್ಯಾಸ. ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ನಗರ ಯೋಜಕ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಥದ್ದೇ ವ್ಯತ್ಯಾಸವನ್ನು ಅಳೆದಿದ್ದಾನೆ. ಒಂದೇ ಬಗೆಯ ಮೂರು ಬೀದಿಗಳು, ದಿನಕ್ಕೆ ಸುಮಾರು 2,000, 8,000 ಮತ್ತು 16,000 ವಾಹನಗಳು. ವಾಹನ ಕಡಿಮೆ ಇರುವ ಬೀದಿಯ ನಿವಾಸಿಗೆ ಅದೇ ಬೀದಿಯಲ್ಲಿ ಸರಾಸರಿ ಮೂವರು ಸ್ನೇಹಿತರು, ಅತಿ ದಟ್ಟಣೆಯ ಬೀದಿಯವರಿಗೆ ಒಬ್ಬರಿಗಿಂತ ಕಡಿಮೆ. 1981ರಲ್ಲಿ ಪುಸ್ತಕವಾಗಿ ಬಂದ ಈ ಅಧ್ಯಯನ ನಮ್ಮ ಊರಿಗೂ ಹೊಂದುತ್ತದೆ ಎಂಬುದು ನನ್ನ ತಿಳಿವಳಿಕೆ. ಗಾಡಿಗಳ ಗದ್ದಲ ಹೆಚ್ಚಾದಂತೆ ಜನ ಜಗಲಿ ಬಿಟ್ಟು ಒಳಕೋಣೆ ಸೇರುತ್ತಾರೆ, ಬೀದಿಯ ಕಡೆಗಿನ ಕಿಟಕಿ ಮುಚ್ಚಿಕೊಳ್ಳುತ್ತದೆ. ಹೊಸದಾಗಿ ಬಂದವರಿಗೆ ‘ಯಾರಮ್ಮ, ಎಲ್ಲಿಂದ ಬಂದಿರಿ?’ ಎಂದು ಕೇಳುವವರೂ ಇಲ್ಲವಾಗುತ್ತಾರೆ.

ಬೀದಿಯನ್ನು ಕಾಯುವುದು ಬೀದಿಯ ಮೇಲಿನ ಕಣ್ಣುಗಳು ಎಂದು ಜೇನ್ ಜೇಕಬ್ಸ್ 1961ರಲ್ಲಿ ಅಮೆರಿಕದ ನಗರಗಳ ಬಗ್ಗೆ ಬರೆದಳು. ಆಕೆಯ ಕಣ್ಣ ಮುಂದೆ ಇದ್ದದ್ದು ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್. ಬೆಂಗಳೂರಿನಲ್ಲಿ ಆ ಕಣ್ಣುಗಳು ಯಾರವು ಎಂದು ವಿಚಾರಿಸಿದರೆ ಹೊತ್ತುಹೊತ್ತಿಗೆ ಬೇರೆಬೇರೆ ಜನ ಸಿಗುತ್ತಾರೆ. ಬೆಳಕು ಹರಿಯುವ ಮೊದಲೇ ನಂದಿನಿ ಬೂತ್ ತೆರೆಯುತ್ತದೆ, ಹಾಲಿನ ಕ್ರೇಟುಗಳ ಸದ್ದಿನ ಜೊತೆಗೆ ಪೇಪರ್ ಹಂಚುವ ಹುಡುಗರು, ಕಸ ಗುಡಿಸುವ ಪೌರಕಾರ್ಮಿಕರು. ಹಗಲೆಲ್ಲ ಮರದಡಿ ಇಸ್ತ್ರಿ ಗಾಡಿಯವರು. ಬೆಳಗ್ಗೆಯಿಂದ ಕತ್ತಲಾಗುವವರೆಗೆ ಒಂದೇ ಜಾಗದಲ್ಲಿ ನಿಂತು ಬೀದಿ ನೋಡುವವರು ಅವರನ್ನು ಬಿಟ್ಟರೆ ಇನ್ನಾರೂ ಇಲ್ಲ. ಸಂಜೆಗೆ ಹೂವಿನವರು, ಚಾಟ್ ಗಾಡಿ, ಅಯ್ಯಂಗಾರ್ ಬೇಕರಿಯ ಮುಂದೆ ಟೀ ಕುಡಿಯುವವರು. ರಾತ್ರಿ ಕೊನೆಗೆ ಬಾಗಿಲೆಳೆಯುವುದು ಮೆಡಿಕಲ್ ಸ್ಟೋರ್. ಈ ಸರಪಳಿ ಎಲ್ಲಿ ತುಂಡಾಗುತ್ತದೋ ಆ ಹೊತ್ತು ಆ ಬೀದಿಗೆ ದುರ್ಬಲ ಹೊತ್ತು. ಮನೆ ಹುಡುಕುವವರು ತಾವು ಮನೆ ಸೇರುವ ಹೊತ್ತಿನಲ್ಲಿ ಆ ಬೀದಿಯಲ್ಲಿ ಯಾವ ಅಂಗಡಿ ತೆರೆದಿರುತ್ತದೆ ಎಂದು ನೋಡಿದರೆ ಬ್ರೋಕರ್ ಹೇಳದ ಸಂಗತಿ ತಿಳಿಯುತ್ತದೆ. ಬೀದಿ ವ್ಯಾಪಾರಿಗಳನ್ನು ಅಡಚಣೆ ಎಂದು ಎಬ್ಬಿಸಬೇಕೆನ್ನುವವರು ಇದನ್ನು ಯೋಚಿಸಬೇಕು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೆ ಜಾಗ ಗುರುತಿಸಿಕೊಡಬೇಕು ಎನ್ನುತ್ತದೆ. ಹಾಗೆ ಗುರುತಿಸಿಕೊಟ್ಟರೆ ನಡೆಯುವವರಿಗೆ ದಾರಿಯೂ ಉಳಿಯುತ್ತದೆ, ಬೀದಿಗೆ ಕಾವಲೂ ಉಳಿಯುತ್ತದೆ.

ಫುಟ್‌ಪಾತ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಭಾರತೀಯ ರಸ್ತೆ ಕಾಂಗ್ರೆಸ್ 2012ರಲ್ಲಿ ಪ್ರಕಟಿಸಿದ ಪಾದಚಾರಿ ಸೌಲಭ್ಯಗಳ ಮಾರ್ಗಸೂಚಿಯ ಪ್ರಕಾರ ವಸತಿ ಬೀದಿಯಲ್ಲಿ ಅಡೆತಡೆಯಿಲ್ಲದ ನಡಿಗೆ ಜಾಗ ಕನಿಷ್ಠ 1.8 ಮೀಟರ್ ಇರಬೇಕು, ಅಂಗಡಿ ಬೀದಿಯಲ್ಲಿ 2.5 ಮೀಟರ್. ಅಂಚುಗಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದು. ‘ಅಡೆತಡೆಯಿಲ್ಲದ’ ಎನ್ನುವುದು ಇಲ್ಲಿ ಮುಖ್ಯ. ನಮ್ಮ ಹಳೆಯ ಬಡಾವಣೆಗಳಲ್ಲಿ ಫುಟ್‌ಪಾತ್ ಎಂದರೆ ಬಹುತೇಕ ಮಳೆನೀರು ಚರಂಡಿಯ ಮೇಲೆ ಹೊದಿಸಿದ ಕಲ್ಲುಚಪ್ಪಡಿ. ಒಂದು ಕ್ರಾಸ್ ಉದ್ದಕ್ಕೆ ಗಮನಿಸುತ್ತ ನಡೆದರೆ ಕಾಣುವುದು ಹೀಗೆ: ಮೊದಲ ಮನೆಯವರು ಕಾರು ಹತ್ತಿಸಲು ಗೇಟಿನಿಂದ ರಸ್ತೆಯವರೆಗೆ ಇಳಿಜಾರು ಮಾಡಿಕೊಂಡಿದ್ದಾರೆ, ಪಾದ ವಾಲುತ್ತದೆ. ಎರಡನೇ ಮನೆಯ ಮುಂದೆ ಚಪ್ಪಡಿ ಅಲುಗುತ್ತದೆ, ಕಾಲಿಟ್ಟರೆ ಇನ್ನೊಂದು ತುದಿ ಮೇಲೇಳುತ್ತದೆ. ಮುಂದೆ ಟ್ರಾನ್ಸ್‌ಫಾರ್ಮರ್, ಸುತ್ತ ಬೇಲಿ, ರಸ್ತೆಗೆ ಇಳಿಯಲೇಬೇಕು. ಮತ್ತೆ ಹತ್ತಿದರೆ ಹೊಂಗೆ ಮರದ ಬುಡ, ಬೇರು ಕಲ್ಲನ್ನು ಎತ್ತಿದೆ. ಆಮೇಲೆ ಸಾಲಾಗಿ ಸ್ಕೂಟರ್. ಹೀಗಾಗಿ ಅಗಲ ಅಳೆಯುವ ಟೇಪಿಗಿಂತ ಸುಲಭವಾದ ಒಂದು ಅಳತೆಯನ್ನು ಇಲ್ಲಿ ಸೂಚಿಸುತ್ತೇನೆ. ನೂರು ಹೆಜ್ಜೆ ನಡೆಯಿರಿ, ಅಷ್ಟರಲ್ಲಿ ಎಷ್ಟು ಸಲ ಫುಟ್‌ಪಾತ್ ಬಿಟ್ಟು ರಸ್ತೆಗೆ ಇಳಿಯಬೇಕಾಯಿತು ಎಂದು ಲೆಕ್ಕವಿಡಿ. ರಸ್ತೆಗೆ ಇಳಿದ ಪ್ರತಿ ಸಲವೂ ಬೆನ್ನ ಹಿಂದಿನ ವಾಹನಕ್ಕೆ ಜೀವ ಒಪ್ಪಿಸಿದಂತೆ. ಜೊತೆಗೆ ಅರವತ್ತು ದಾಟಿದವರಿದ್ದರೆ, ಕೈಯಲ್ಲಿ ಕೂಸಿದ್ದರೆ, ಇಳಿದು ಹತ್ತುವ ಕಷ್ಟದಿಂದಲೇ ಅವರು ನಡೆಯುವುದನ್ನು ಬಿಟ್ಟುಬಿಡುತ್ತಾರೆ.

ಬೆಳಕಿನ ವಿಷಯದಲ್ಲಿ ಹಗಲಿನ ಪರೀಕ್ಷೆ ಪೂರ್ತಿ ದಾರಿ ತಪ್ಪಿಸುತ್ತದೆ. ಹಳೆಯ ಬಡಾವಣೆಗಳಲ್ಲಿ ಮಧ್ಯಾಹ್ನದ ಬಿಸಿಲಲ್ಲೂ ನಡೆಯುವಂತೆ ಮಾಡುವುದು ಮಳೆಮರ, ಹೊಂಗೆ, ತಬೂಬಿಯಾಗಳ ನೆರಳು. ಅದೇ ಮರ ರಾತ್ರಿ ತೊಂದರೆ ಕೊಡುತ್ತದೆ. ದೀಪದ ಕಂಬಗಳನ್ನು ವಾಹನ ಓಡಾಡುವ ರಸ್ತೆಗೆ ಬೆಳಕು ಬೀಳುವ ಲೆಕ್ಕದಲ್ಲಿ ಎತ್ತರಕ್ಕೆ ನಿಲ್ಲಿಸಿರುತ್ತಾರೆ. ದೀಪ ಕೊಂಬೆಗಳ ಮೇಲಾಗುತ್ತದೆ, ಫುಟ್‌ಪಾತ್ ಕೊಂಬೆಗಳ ಕೆಳಗೆ ಕತ್ತಲಲ್ಲಿ ಉಳಿಯುತ್ತದೆ. ನಡುರಸ್ತೆ ಝಗಮಗಿಸುತ್ತಿದ್ದರೂ ನಡೆಯುವವರಿಗೆ ಮುಂದಿನ ಚಪ್ಪಡಿ ಕಾಣುವುದಿಲ್ಲ. ಮರ ಕಡಿಯುವುದು ಇದಕ್ಕೆ ಪರಿಹಾರವಲ್ಲ. ಕೊಂಬೆಗಳ ಕೆಳಗೆ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ನಡೆಯುವವರಿಗೆಂದೇ ಇನ್ನೊಂದು ದೀಪ ಹಾಕಬೇಕು. ಮನೆ ಒಪ್ಪಿಕೊಳ್ಳುವ ಮುನ್ನ ಸಂಜೆ ಎಂಟರ ಮೇಲೆ ಒಮ್ಮೆ ಅದೇ ದಾರಿಯಲ್ಲಿ ನಡೆಯುವುದು ಕಡ್ಡಾಯ ಎಂದೇ ನಾನು ಹೇಳುತ್ತೇನೆ.

ನಗರದ ಪೂರ್ವ ಭಾಗದ ಚಿತ್ರ ಬೇರೆ. ಹೊರವರ್ತುಲ ರಸ್ತೆ 2002ರ ಹೊತ್ತಿಗೆ ಪೂರ್ಣಗೊಂಡಿತು. ಮಾರತ್ತಹಳ್ಳಿ, ಬೆಳ್ಳಂದೂರು, ಪಣತ್ತೂರು, ವರ್ತೂರು ಅಲ್ಲಿಯವರೆಗೆ ಕೆರೆ, ಗದ್ದೆ, ತೋಟಗಳ ಹಳ್ಳಿಗಳಾಗಿದ್ದವು. ಐಟಿ ಕಂಪನಿಗಳು ಬಂದವು, ಹೊಲಗಳು ಯೋಜನಾ ಅನುಮೋದನೆಯಿಲ್ಲದ ರೆವಿನ್ಯೂ ಲೇಔಟುಗಳಾಗಿ ಒಡೆದವು, ಎತ್ತಿನಗಾಡಿ ಹೋಗುತ್ತಿದ್ದ ದಾರಿಯಲ್ಲೇ ಶಾಲಾ ಬಸ್ಸು, ನೀರಿನ ಟ್ಯಾಂಕರ್, ಕ್ಯಾಬ್ ಎಲ್ಲ ಓಡತೊಡಗಿದವು. ಅಡ್ಡ ಬೀದಿಗಳ ಜಾಲ ಹುಟ್ಟಲೇ ಇಲ್ಲ, ಒಂದು ಲೇಔಟಿನಿಂದ ಪಕ್ಕದ ಲೇಔಟಿಗೆ ಹೋಗಲು ಮುಖ್ಯರಸ್ತೆಗೇ ಬಂದು ಸುತ್ತಬೇಕು. ದೊಡ್ಡ ಅಪಾರ್ಟ್‌ಮೆಂಟ್ ಸಮುಚ್ಚಯಗಳು ಇದಕ್ಕೆ ತಮ್ಮದೇ ಉತ್ತರ ಕಂಡುಕೊಂಡಿವೆ: ಕಾಂಪೌಂಡಿನೊಳಗೆ ಅಂದವಾದ ನಡಿಗೆ ಹಾದಿ, ಹುಲ್ಲುಹಾಸು, ದೀಪ. ಒಳಗಿರುವ ಮಕ್ಕಳು, ವೃದ್ಧರು ನೆಮ್ಮದಿಯಿಂದ ನಡೆಯುತ್ತಾರೆ. ಆದರೆ ಆ ಕಾಂಪೌಂಡಿನ ಹೊರಗೋಡೆ ನೂರಾರು ಮೀಟರ್ ಉದ್ದ. ಅದರಲ್ಲಿ ಒಂದು ಬಾಗಿಲಿಲ್ಲ, ಕಿಟಕಿಯಿಲ್ಲ, ಅಂಗಡಿಯಿಲ್ಲ. ಗೋಡೆಯ ಹೊರಗೆ ನಡೆಯುವವರು ಅಲ್ಲೇ ಮನೆಗೆಲಸಕ್ಕೆ ಬರುವ ಹೆಂಗಸರು, ಸೆಕ್ಯುರಿಟಿ ಗಾರ್ಡುಗಳು, ಬಸ್ಸಿಳಿದು ಬರುವ ಬಾಡಿಗೆದಾರರು. ಒಳಗಿನವರ ಸುರಕ್ಷತೆಯ ಬೆಲೆಯನ್ನು ಹೊರಗಿನವರು ತೆರುತ್ತಿದ್ದಾರೆ. ಗೇಟಿನೊಳಗಿನ ಹಾದಿಯನ್ನು ನೋಡಿ ‘ಇಲ್ಲಿ ನಡೆಯಬಹುದು’ ಎಂದು ನಿರ್ಧರಿಸುವವರು ಗೇಟಿನಿಂದ ಮೆಟ್ರೋವರೆಗೂ ಒಮ್ಮೆ ನಡೆಯಬೇಕು. 2023ರ ಅಕ್ಟೋಬರಿನಿಂದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಪೂರ್ತಿ ಓಡುತ್ತಿದೆ. ರೈಲು ಬಂತು, ನಿಲ್ದಾಣಕ್ಕೆ ನಡೆಯುವ ದಾರಿ ಅದೇ ವೇಗದಲ್ಲಿ ಬರಲಿಲ್ಲ.

ರಸ್ತೆ ದಾಟುವುದಕ್ಕೆ ಎಷ್ಟು ಹೊತ್ತು ಬೇಕು ಎನ್ನುವುದು ಸುಲಭದ ಲೆಕ್ಕ. ಆರು ಪಥದ ರಸ್ತೆ, ಪಥಕ್ಕೆ 3.5 ಮೀಟರಿನಂತೆ 21 ಮೀಟರ್. ಆರೋಗ್ಯವಂತರು ಸೆಕೆಂಡಿಗೆ 1.2 ಮೀಟರ್ ನಡೆದರೆ ಹದಿನೇಳೂವರೆ ಸೆಕೆಂಡು ಬೇಕು. ಮಂಡಿನೋವಿನ ಅಜ್ಜಿ ಸೆಕೆಂಡಿಗೆ 0.8 ಮೀಟರ್ ನಡೆದರೆ ಇಪ್ಪತ್ತಾರು ಸೆಕೆಂಡಿಗಿಂತ ಹೆಚ್ಚು. ಬಸ್ ನಿಲ್ದಾಣ ರಸ್ತೆಯ ಆಚೆ ಬದಿಗಿದ್ದರೆ ಆ ಸಿಗ್ನಲ್ ಎಷ್ಟು ಸೆಕೆಂಡು ಹಸಿರು ಕೊಡುತ್ತದೆ ಎಂದು ಮೊಬೈಲಿನಲ್ಲಿ ಎಣಿಸಿಕೊಳ್ಳುವುದು ಒಳ್ಳೆಯದು. ಸಿಗ್ನಲ್ ಬದಲು ಸ್ಕೈವಾಕ್ ಇದ್ದರೆ ಲಿಫ್ಟ್ ನಡೆಯುತ್ತಿದೆಯೇ ನೋಡಬೇಕು.

ಒಳ್ಳೆಯ ಫುಟ್‌ಪಾತ್ ಒಂದಿದ್ದರೆ ಸಾಕೇ? ಟೆಂಡರ್ ಶ್ಯೂರ್ ಯೋಜನೆಯ ಮೊದಲ ಹಂತದಲ್ಲಿ ರೆಸಿಡೆನ್ಸಿ ರಸ್ತೆ, ರಿಚ್‌ಮಂಡ್ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ ಸೇರಿ ಏಳು ರಸ್ತೆಗಳು ಹೊಸ ರೂಪ ಪಡೆದವು. ಕೇಬಲ್, ಕೊಳವೆಗಳೆಲ್ಲ ನೆಲದಡಿಯ ಡಕ್ಟುಗಳಿಗೆ ಹೋದವು, ಫುಟ್‌ಪಾತ್ ಅಗಲವಾಯಿತು, ಗಾಲಿಕುರ್ಚಿಯೂ ಹೋಗುವಂತಾಯಿತು. ಬೆಂಗಳೂರಿನಲ್ಲಿ ಇಂಥದ್ದು ಸಾಧ್ಯ ಎಂದು ಅವು ತೋರಿಸಿಕೊಟ್ಟವು, ಆ ಕೆಲಸಕ್ಕೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲೇಬೇಕು. ಆದರೆ ಅವು ಬಹುಪಾಲು ಕಚೇರಿ, ಅಂಗಡಿಗಳ ರಸ್ತೆಗಳು. ಕಚೇರಿ ಮುಚ್ಚಿದ ಮೇಲೆ ಅಗಲವಾದ ಹಾದಿಯಲ್ಲಿ ನಡೆಯುವವರೇ ವಿರಳವಾಗುವ ಉದ್ದಗಳು ಅಲ್ಲಿವೆ. ಕಲ್ಲು ಸಮತಟ್ಟಾಗಿರುವುದು, ಜನ ಇರುವುದು, ಎರಡೂ ಬೇಕು. ಎರಡರಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ನಾನು ಜನ ಇರುವ ಬೀದಿಯನ್ನು ಆರಿಸಿಕೊಳ್ಳಿ ಎನ್ನುತ್ತೇನೆ. ಚಪ್ಪಡಿ ಸರಿಮಾಡಿಸಲು ಅರ್ಜಿ ಕೊಡಬಹುದು, ಜನರನ್ನು ಅರ್ಜಿ ಕೊಟ್ಟು ತರಿಸಲಾಗದು.

ಹೆಣ್ಣುಮಕ್ಕಳ ದೃಷ್ಟಿಯಿಂದ ಬೀದಿಯನ್ನು ಅಳೆಯುವ ಕ್ರಮಕ್ಕೆ ಮೂರು ದಶಕಗಳಿಗೂ ಮಿಕ್ಕ ಇತಿಹಾಸವಿದೆ. 1989ರಲ್ಲಿ ಟೊರಾಂಟೊದ ಮೆಟ್ರ್ಯಾಕ್ ಎಂಬ ಸಂಸ್ಥೆ ‘ಮಹಿಳಾ ಸುರಕ್ಷತಾ ಆಡಿಟ್’ ಶುರುಮಾಡಿತು. ನಡೆಯುವ ಹೆಂಗಸರೇ ಗುಂಪಾಗಿ ಹೋಗಿ ದಾರಿಯನ್ನು ದಾಖಲಿಸುವ ಪದ್ಧತಿ ಅದು. 2013ರಲ್ಲಿ ನಮ್ಮ ದೇಶದಲ್ಲಿ ಬಂದ ಸೇಫ್ಟಿಪಿನ್ ಆ್ಯಪ್ ಇದನ್ನೇ ಮುಂದುವರಿಸಿತು. ಬೆಳಕು, ಬಯಲು, ಅಕ್ಕಪಕ್ಕದ ಮನೆಗಳಿಂದ ಬೀದಿ ಕಾಣುವುದು, ಜನಸಂಚಾರ, ಕಾವಲು, ನಡಿಗೆ ಹಾದಿ, ಸಾರಿಗೆ, ಬೀದಿಯಲ್ಲಿ ಹೆಂಗಸರ ಪ್ರಮಾಣ, ನಡೆಯುವವರಿಗೆ ಆಗುವ ಅನಿಸಿಕೆ ಇವು ಅದರ ಅಂಶಗಳು. ಕೊನೆಯೆರಡು ಅಂಶಗಳಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ರಾತ್ರಿ ಒಂಬತ್ತಕ್ಕೆ ಒಂಟಿ ಹೆಂಗಸರು ಆತುರವಿಲ್ಲದೆ ನಡೆಯುತ್ತಿರುವ ಬೀದಿ ಬಹುತೇಕ ಎಲ್ಲರಿಗೂ ಸುರಕ್ಷಿತ. ಮುಂಬೈ ಕುರಿತು ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ 2011ರಲ್ಲಿ ಪ್ರಕಟಿಸಿದ ‘ವೈ ಲಾಯ್ಟರ್?’ ಪುಸ್ತಕದ ವಾದವೂ ಇಲ್ಲಿ ಪ್ರಸ್ತುತ: ಹೆಂಗಸರು ಕೆಲಸವಿಲ್ಲದೆಯೂ ಬೀದಿಯಲ್ಲಿ ನಿಲ್ಲಬಲ್ಲವರಾಗಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ ಬಸ್ ನಿಲ್ದಾಣದ ದಾರಿಗೆ ಮೊದಲಿಗಿಂತ ಹೆಚ್ಚಿನ ಮಹತ್ವ ಬಂದಿದೆ.

ಹಾಗಾಗಿ ವಿಚಾರಿಸುವುದಾದರೆ ಮನೆ ಮಾಲೀಕರಿಗಿಂತ ಇಸ್ತ್ರಿ ಗಾಡಿಯವರನ್ನು, ಹೂವಿನವರನ್ನು, ಬೆಳಗಿನ ಜಾವ ಗುಡಿಸುವವರನ್ನು ವಿಚಾರಿಸಬೇಕು. ‘ಅಕ್ಕಾ, ಈ ಕಡೆಯಿಂದ ರಾತ್ರಿ ನೀವು ಒಬ್ಬರೇ ಹೋಗ್ತೀರಾ?’ ಎಂದು ಕೇಳಿದರೆ ನೇರ ಉತ್ತರ ಸಿಗುತ್ತದೆ. ‘ಇಲ್ಲಮ್ಮಾ, ಆ ಖಾಲಿ ಸೈಟಿನ ಪಕ್ಕ ಹೋಗಲ್ಲ, ದೇವಸ್ಥಾನದ ರಸ್ತೇಲಿ ಸುತ್ಕೊಂಡು ಹೋಗ್ತೀನಿ’ ಎಂಬ ಒಂದು ಮಾತಿನಲ್ಲಿ ಇರುವಷ್ಟು ಮಾಹಿತಿ ಯಾವ ನಕ್ಷೆಯಲ್ಲೂ ಇರುವುದಿಲ್ಲ.

ಮಳೆ ಬಿದ್ದ ಮರುಗಳಿಗೆಯಲ್ಲಿ ದಾರಿ ನೋಡುವುದೂ ಅಗತ್ಯ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ, ಮಹದೇವಪುರದ ಕಡೆ ನೀರು ನಿಂತು ಜನ ಟ್ರ್ಯಾಕ್ಟರಿನಲ್ಲಿ ಕಚೇರಿಗೆ ಹೋದದ್ದು ನೆನಪಿರಬಹುದು. ರಾಜಕಾಲುವೆಯ ಜಾಗ ಒತ್ತುವರಿಯಾದ ಕಡೆಗಳಲ್ಲಿ ಸಣ್ಣ ಮಳೆಗೂ ರಸ್ತೆ ಮುಳುಗುತ್ತದೆ, ತೆರೆದ ಮೋರಿಯೂ ಚಪ್ಪಡಿಯಿಲ್ಲದ ಕಂಡಿಯೂ ನೀರಿನಡಿ ಮರೆಯಾಗುತ್ತವೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಕಹಿ ಸತ್ಯ ಉಳಿಯುತ್ತದೆ. ಬೀದಿ ಆರಿಸಿಕೊಳ್ಳುವ ಸ್ವಾತಂತ್ರ್ಯ ಎಲ್ಲರಿಗೂ ಸಮನಾಗಿಲ್ಲ. ನೆರಳಿನ, ನಡೆಯಬಲ್ಲ ಹಳೆಯ ಬಡಾವಣೆಗಳಲ್ಲಿ ‘ನೀವು ಯಾವ ಜನ?’ ‘ಮಾಂಸ ಮಾಡ್ತೀರಾ?’ ಎಂಬ ಪ್ರಶ್ನೆ ದಾಟಿದ ಮೇಲೆಯೇ ಬೀಗದ ಕೈ ಸಿಗುವ ಮನೆಗಳು ಇನ್ನೂ ಇವೆ. ದಲಿತರಿಗೆ, ಮುಸ್ಲಿಮರಿಗೆ, ಒಂಟಿಯಾಗಿ ಬದುಕುವ ಹೆಂಗಸರಿಗೆ ಆ ಬೀದಿಗಳ ಬಾಗಿಲು ಎಷ್ಟೋ ಸಲ ಮುಚ್ಚಿಕೊಳ್ಳುತ್ತದೆ. ಇದು ಅನ್ಯಾಯ, ಇದನ್ನು ಬೇರೆ ಹೆಸರಿನಿಂದ ಕರೆಯಬಾರದು. ಅದರ ಮೇಲೆ ಅಡ್ವಾನ್ಸ್. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಸತಿಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಎಂದರೂ ಬೆಂಗಳೂರಿನ ರೂಢಿ ಬಹುಕಾಲದಿಂದ ಹತ್ತು ತಿಂಗಳಿನದು. ಅಷ್ಟು ಹಣ ಕಟ್ಟಿದವರು ಬೀದಿ ಸರಿಯಿಲ್ಲ ಎಂದು ಗೊತ್ತಾದ ಮೇಲೂ ಹನ್ನೊಂದು ತಿಂಗಳ ಕರಾರು ಮುಗಿಯುವವರೆಗೆ ಅಲ್ಲೇ ಇರಬೇಕಾಗುತ್ತದೆ.

2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ನಡೆಯಲು ಯೋಗ್ಯವಾದ ಫುಟ್‌ಪಾತ್ ಪಡೆಯುವ ಪಾದಚಾರಿಗಳ ಹಕ್ಕು ಸಂವಿಧಾನದ 21ನೇ ವಿಧಿಯಡಿ ಬರುತ್ತದೆ ಎಂದು ಹೇಳಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಈ ಐದೂ ಪಾಲಿಕೆಗಳಲ್ಲಿ ನನ್ನ ಬೇಡಿಕೆ ಒಂದೇ: ಪ್ರತಿ ವಾರ್ಡಿನ ಪ್ರತಿ ಬೀದಿಯ ಫುಟ್‌ಪಾತ್ ಅಗಲ, ಅಡೆತಡೆ, ದೀಪ, ದಾಟುವ ಜಾಗಗಳ ವಿವರವನ್ನು ಕನ್ನಡದಲ್ಲಿ, ಬೀದಿವಾರಾಗಿ, ವರ್ಷಕ್ಕೊಮ್ಮೆ ಸಾರ್ವಜನಿಕರ ಮುಂದಿಡಲಿ. ಆ ದಾಖಲೆ ಬರುವವರೆಗೆ, ಊರಿಗೆ ಹೊಸದಾಗಿ ಬರುವವರು ಕತ್ತಲಾದ ಮೇಲೆ ಆ ದಾರಿಯಲ್ಲಿ ನಡೆದು ನೋಡದೆ ಅಡ್ವಾನ್ಸ್ ಕೊಡಬೇಡಿ.